ಬಚ್ಚಲಮನೆ ಗೋಡೆಯ ಹಳೆ ಟೈಲ್ಸ್: ಜೋಡಿ ಹುಡುಕುವುದು, ಬದಲಿಸುವುದು, ಸಂದು ತುಂಬುವುದು – ಕರಾವಳಿ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ಬಚ್ಚಲಮನೆಯ ಗೋಡೆಯಿಂದ ನಾಲ್ಕು ಟೈಲ್ಸ್ ಉದುರಿದರೆ ಎಲ್ಲರೂ ಮೊದಲು ಮಾಡುವ ಕೆಲಸ ಒಂದೇ. ತುಂಡು ಹಿಡಿದುಕೊಂಡು ಅಂಗಡಿಗೆ ಹೋಗುವುದು. ಅಂಗಡಿಯವರು ಒಮ್ಮೆ ತಿರುಗಿಸಿ ನೋಡಿ, "ಈ ಡಿಸೈನ್ ಬಂದ್ ಆಗಿ ಎಷ್ಟೋ ವರ್ಷ ಆಯ್ತು, ಪೂರ್ತಿ ಕಿತ್ತು ಹೊಸದೇ ಹಾಕ್ಸಿಬಿಡಿ" ಅನ್ನುತ್ತಾರೆ. ಅಲ್ಲಿಗೆ ಎರಡು ದಿನದ ರಿಪೇರಿ ಇಡೀ ತಿಂಗಳ ಕೆಲಸವಾಗುತ್ತದೆ.

ಬಹಳ ಮನೆಗಳಲ್ಲಿ ಅಷ್ಟು ಮಾಡುವ ಅಗತ್ಯವೇ ಇರುವುದಿಲ್ಲ. ಆದರೆ ಕೆಲಸದ ಸರದಿ ಸರಿಯಾಗಿರಬೇಕು. ಮೊದಲು ಗೋಡೆ, ಆಮೇಲೆ ಟೈಲಿನ ಅಳತೆ, ಆಮೇಲೆ ಬಣ್ಣ, ಕೊನೆಗೆ ಸಂದು. ನಾವು ಸಾಮಾನ್ಯವಾಗಿ ಬಣ್ಣದಿಂದ ಶುರು ಮಾಡುತ್ತೇವೆ, ಗೋಡೆಯನ್ನು ನೋಡುವುದೇ ಇಲ್ಲ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದಂಥ ಕಡೆ ಈ ತಪ್ಪು ಜಾಸ್ತಿ ದುಬಾರಿ. ಇಲ್ಲಿ ವರ್ಷಕ್ಕೆ 3000 ಮಿ.ಮೀ. ದಾಟಿ ಮಳೆ ಬೀಳುತ್ತದೆ. ಹಳೆ ಗೋಡೆಗಳು ಚಿರೆಕಲ್ಲಿನವು, ನೀರು ಕುಡಿಯುವ ಕಲ್ಲು. ಒದ್ದೆ ಗೋಡೆಗೆ ಎಂಥ ಚಂದದ ಟೈಲ್ ಅಂಟಿಸಿದರೂ ಮತ್ತೆ ಉದುರುತ್ತದೆ.

ಉದುರಿದ್ದು ಯಾಕೆ? ತುಂಡನ್ನೇ ಕೇಳಿ

ಬಿದ್ದ ಟೈಲನ್ನು ಬಿಸಾಡಬೇಡಿ. ಅದರ ಬೆನ್ನು ನೋಡಿ. ಬೆನ್ನು ಸ್ವಚ್ಛವಾಗಿದ್ದು, ಸಿಮೆಂಟ್ ಗಾರೆ ಗೋಡೆಯಲ್ಲೇ ಉಳಿದಿದ್ದರೆ, ಟೈಲ್ ಸರಿಯಾಗಿ ಹಿಡಿದುಕೊಂಡೇ ಇರಲಿಲ್ಲ ಎಂದರ್ಥ. ಕೂರಿಸುವಾಗ ಟೈಲನ್ನು ನೀರಲ್ಲಿ ನೆನೆಸಿರಲಿಕ್ಕಿಲ್ಲ, ಇಲ್ಲವೇ ಬೆನ್ನಿಗೆ ಬಳಿದ ಸಿಮೆಂಟ್ ಹಾಲು ಒಣಗಿದ ಮೇಲೆ ಒತ್ತಿರಬಹುದು. ಇದು ಸುಲಭದ ಕೇಸು.

ಟೈಲಿನ ಜೊತೆ ಗಾರೆಯೂ ಬಂದಿದ್ದು, ಅದರ ಹಿಂದೆ ಕೆಂಪು ಮಣ್ಣಿನಂಥ ಪುಡಿ ಅಂಟಿದ್ದರೆ ಸಮಸ್ಯೆ ಗೋಡೆಯದ್ದು. ಚಿರೆಕಲ್ಲು ಒದ್ದೆಯಾಗಿ ಮೇಲ್ಪದರ ಸಡಿಲವಾಗಿದೆ. ಬಿಳಿ ಪುಡಿ ಕಂಡರೆ ಅದು ಉಪ್ಪು. ನೀರು ಗೋಡೆಯೊಳಗೆ ಓಡಾಡಿ, ಒಣಗುವಾಗ ಉಪ್ಪನ್ನು ಹೊರಗೆ ತಂದಿದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಯ ಅಳಿವೆಗಳ ಹತ್ತಿರ ಉಬ್ಬರದ ನೀರು ಒಳಗೆ ಬರುತ್ತದೆ. ಅಲ್ಲಿಯ ಮರಳನ್ನು ತೊಳೆಯದೆ ಬಳಸಿದ್ದರೆ ಗಾರೆಯಲ್ಲೇ ಉಪ್ಪಿರುತ್ತದೆ.

ಮೂರನೆಯ ಕಾರಣ ಇನ್ನೊಂದಿದೆ. ಹಿಂದೆ ಟೈಲ್ಸನ್ನು ನಡುವೆ ಜಾಗವೇ ಬಿಡದೆ ಒಂದಕ್ಕೊಂದು ತಾಗಿಸಿ ಕೂರಿಸುತ್ತಿದ್ದರು. ಸೆರಾಮಿಕ್ ಟೈಲ್ ವರ್ಷಗಟ್ಟಲೆ ತೇವ ಕುಡಿದು ಸ್ವಲ್ಪ ಸ್ವಲ್ಪವೇ ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದಾಗ ನಡುವಿನ ಒಂದೆರಡು ಟೈಲ್ಸ್ ಹೊರಕ್ಕೆ ಉಬ್ಬಿ ನಿಲ್ಲುತ್ತವೆ. ಗೋಡೆಯ ಮಧ್ಯದಲ್ಲಿ ಎರಡು ಟೈಲ್ಸ್ ಮನೆ ಚಾವಣಿಯಂತೆ ಎದ್ದಿದ್ದರೆ ಇದೇ ಕಾರಣ ಇರಬಹುದು.

ಈಗ ಇಡೀ ಗೋಡೆಯನ್ನು ತಟ್ಟಿ ನೋಡಿ. ನಾಣ್ಯ ಅಥವಾ ಸ್ಕ್ರೂಡ್ರೈವರಿನ ಹಿಡಿ ಸಾಕು. ಗಟ್ಟಿ ಇರುವಲ್ಲಿ ಶಬ್ದ ಚುರುಕಾಗಿರುತ್ತದೆ, ಬಿಟ್ಟಿರುವಲ್ಲಿ ಟೊಳ್ಳು. ಟೊಳ್ಳಾದ ಪ್ರತಿ ಟೈಲಿಗೂ ಪೆನ್ಸಿಲಿನಲ್ಲಿ ಗುರುತು ಹಾಕಿ. ಗುರುತುಗಳು ಅಲ್ಲೊಂದು ಇಲ್ಲೊಂದು ಇದ್ದರೆ ಬಿಡಿ ಟೈಲ್ಸ್ ಬದಲಿಸಿ. ಮೂರನೇ ಒಂದು ಭಾಗ ದಾಟಿದರೆ ಆ ಒಂದು ಗೋಡೆಯನ್ನು ಪೂರ್ತಿ ತೆಗೆಯುವುದೇ ಲೇಸು. ಗುರುತುಗಳೆಲ್ಲ ನಲ್ಲಿಯ ಕೆಳಗೆ ಸಾಲಾಗಿ ಬಂದರೆ ಒಳಗಿನ ಪೈಪು ಸೋರುತ್ತಿದೆ. ಹಳೆ ಜಿಐ (ಸತು ಲೇಪದ ಕಬ್ಬಿಣ) ಪೈಪಿನ ತಿರುವುಗಳು ನಮ್ಮ ಉಪ್ಪು ಹವೆಗೆ ಬೇಗ ತುಕ್ಕು ಹಿಡಿಯುತ್ತವೆ. ರಾತ್ರಿ ಎಲ್ಲ ನಲ್ಲಿ ನಿಲ್ಲಿಸಿ ಟ್ಯಾಂಕಿನ ನೀರಿನ ಮಟ್ಟಕ್ಕೆ ಗೆರೆ ಎಳೆದಿಡಿ, ಪಂಪು ಹಾಕಬೇಡಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಮೊದಲು ಪ್ಲಂಬರ್ ಬರಲಿ. ಟೈಲ್ಸ್ ಮೇಸ್ತ್ರಿ ಆಮೇಲೆ.

ಶಿರಸಿ, ಸಿದ್ದಾಪುರದ ಕಡೆ ಬಚ್ಚಲಲ್ಲಿ ಹಂಡೆ ಒಲೆ ಇನ್ನೂ ಉರಿಯುವ ಮನೆಗಳಿಗೆ ಒಂದು ಮಾತು. ಒಲೆಗೆ ತಾಗಿದ ಗೋಡೆಯ ಟೈಲ್ಸ್ ಕಾದು, ಆರಿ, ಮತ್ತೆ ಕಾದು ಸಡಿಲವಾಗುತ್ತವೆ. ಅಲ್ಲಿ ಮತ್ತೆ ಮತ್ತೆ ಟೈಲ್ಸ್ ಅಂಟಿಸುವುದು ವ್ಯರ್ಥ. ಒಲೆಯ ಸುತ್ತ ಅಷ್ಟು ಭಾಗಕ್ಕೆ ಕಪ್ಪು ಕಡಪಾ ಕಲ್ಲು ನಿಲ್ಲಿಸಿ ಅಥವಾ ಸಿಮೆಂಟ್ ಪ್ಲಾಸ್ಟರೇ ಇರಲಿ. ಅಲ್ಲಿ ತೆಗೆದ ಒಳ್ಳೆ ಟೈಲ್ಸ್ ಬೇರೆ ಗೋಡೆಯ ರಿಪೇರಿಗೆ ಬರುತ್ತವೆ.

ಯಾವಾಗ ಮಾಡಿಸಬೇಕು

ಚೌತಿ ಹತ್ತಿರ ಬಂತೆಂದರೆ ಎಲ್ಲರಿಗೂ ಮನೆ ಚಂದ ಮಾಡುವ ಆಸೆ. ಆದರೆ ಅದು ಮಳೆಯ ನಡುಮಧ್ಯ. ಗೋಡೆ ಒಣಗುವುದಿಲ್ಲ, ಗೌಂಡಿಗಳೂ ಸಿಗುವುದಿಲ್ಲ. ಆಗ ಉದುರಿದರೆ ತೆರೆದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಆ ಕಡೆ ನೀರು ಹಾರದಂತೆ ನೋಡಿಕೊಂಡು ಕಾಯಿರಿ. ದೀಪಾವಳಿಯ ನಂತರದಿಂದ ಮೇ ತಿಂಗಳವರೆಗೆ ಒಳ್ಳೆ ಕಾಲ. ಜೋಡಿ ಟೈಲ್ಸ್ ಹುಡುಕುವುದನ್ನು ಮಾತ್ರ ಮಳೆಗಾಲದಲ್ಲೇ ಶುರು ಮಾಡಬಹುದು, ಅದಕ್ಕೆ ಸಮಯ ಬೇಕು.

ಜೋಡಿ ಹುಡುಕುವುದು

ಮೊದಲು ನಿಮ್ಮ ಟೈಲಿನ ಜಾತಕ ಬರೆದುಕೊಳ್ಳಿ. ಉದ್ದ, ಅಗಲ, ದಪ್ಪ ಮೂರನ್ನೂ ಮಿಲಿಮೀಟರಿನಲ್ಲಿ ಅಳೆಯಿರಿ. ಇಂಚಿನ ಲೆಕ್ಕ ನಂಬಬೇಡಿ. ಹಳೆಯ ಆರಿಂಚಿನ ಬಿಳಿ ಟೈಲ್ ಅಳೆದರೆ 152 ಮಿ.ಮೀ. ಬರುತ್ತದೆ. ಈಗ ಆರಿಂಚು ಎಂದು ಕೊಡುವುದು 150. ಎರಡು ಮಿಲಿಮೀಟರ್ ಏನು ಮಹಾ ಅನ್ನಿಸುತ್ತದೆ, ಅಲ್ವಾ? ಹತ್ತು ಟೈಲ್ಸಿನ ಒಂದು ಸಾಲು ಹಾಕಿ ನೋಡಿ, ಕೊನೆಗೆ 20 ಮಿ.ಮೀ. ತಪ್ಪುತ್ತದೆ. ಮೇಲಿನ ಸಾಲಿನ ಸಂದಿಗೂ ಕೆಳಗಿನ ಸಾಲಿನ ಸಂದಿಗೂ ತಾಳೆಯೇ ಇರುವುದಿಲ್ಲ. ಇನ್ನೂ ಹಳೆಯ ಮನೆಗಳ ಚಿಕ್ಕ ಬಿಳಿ ಟೈಲ್ಸ್ 108 ಮಿ.ಮೀ. ಚೌಕದವು. ನಂತರ 200 × 200, 200 × 300 ಬಂದವು, ಆಮೇಲೆ 300 × 450, ಈಗ 300 × 600 ಎಲ್ಲೆಡೆ.

ಬೆನ್ನಿನ ಮೇಲೆ ಕಂಪನಿಯ ಹೆಸರು ಉಬ್ಬಾಗಿ ಬಂದಿರುತ್ತದೆ. ಜಾನ್ಸನ್, ಸೊಮಾನಿ, ಕಜಾರಿಯಾ ಹೀಗೆ. ಗಾರೆ ಅಂಟಿದ್ದರೆ ನೆನೆಸಿ, ಬ್ರಷ್ ಹಾಕಿ ಉಜ್ಜಿ ಓದಿ. ಒಳಗಿನ ಮಣ್ಣು ಕೆಂಪೋ ಬಿಳಿಯೋ ನೋಡಿ. ಮೇಲ್ಮೈ ಹೊಳಪೋ ಮಂಕೋ ಬರೆದುಕೊಳ್ಳಿ. ಬೆನ್ನಿಗೆ ಒಂದು ಹನಿ ನೀರು ಬಿಡಿ. ತಕ್ಷಣ ಹೀರಿದರೆ ಸೆರಾಮಿಕ್. ಹನಿ ಹಾಗೇ ನಿಂತರೆ ವಿಟ್ರಿಫೈಡ್, ಅಂದರೆ ನೀರು ಹೀರದಷ್ಟು ಗಟ್ಟಿಯಾಗಿ ಸುಟ್ಟ ಟೈಲ್. ಇದು ಅಂಟು ಆರಿಸುವಾಗ ಬೇಕಾಗುತ್ತದೆ.

ಈಗ ಹುಡುಕಾಟ. ಮೊದಲು ಮನೆಯೊಳಗೇ. ಅಟ್ಟ, ಕೊಟ್ಟಿಗೆ, ಮೆಟ್ಟಿಲ ಕೆಳಗೆ, ಬಾವಿಕಟ್ಟೆಯ ಹಿಂದೆ. ಮನೆ ಕಟ್ಟಿದಾಗ ಉಳಿದ ಟೈಲ್ಸನ್ನು ಯಾರೋ ಎಲ್ಲೋ ಇಟ್ಟಿರುತ್ತಾರೆ. ಅಲ್ಲೂ ಇಲ್ಲವೆಂದರೆ ಗೋಡೆಯಲ್ಲೇ ಕಾಣದ ಜಾಗಗಳಿವೆ: ಕನ್ನಡಿಯ ಹಿಂದೆ, ಗೀಸರಿನ ಹಿಂದೆ, ಬಾಗಿಲು ತೆರೆದಾಗ ಮುಚ್ಚಿಹೋಗುವ ಮೂಲೆ, ವಾಷ್‌ಬೇಸಿನ್ ಕೆಳಗಿನ ಕಪಾಟಿನೊಳಗೆ. ಕುಮಟಾದ ನಮ್ಮ ಚಿಕ್ಕಮ್ಮನ ಮನೆಯಲ್ಲಿ ದೊಡ್ಡ ಕನ್ನಡಿಯನ್ನು ಇಳಿಸಿದಾಗ ಹಿಂದೆ ಬಿಸಿಲು, ಸೋಪು, ನೀರು ಏನೂ ತಾಗದ ಟೈಲ್ಸ್ ಇದ್ದವು. ಷವರಿನ ಎದುರು ಉದುರಿದ್ದಕ್ಕೆ ಅವೇ ಸಾಕಾದವು. ಕನ್ನಡಿಯ ಹಿಂದೆ ಸಾದಾ ಬಿಳಿ ಟೈಲ್ಸ್ ಕೂರಿಸಿ ಕನ್ನಡಿಯನ್ನು ಮತ್ತೆ ತೂಗುಹಾಕಿದ್ದಾಯಿತು. ಹೀಗೆ ತೆಗೆಯುವಾಗ ತಟ್ಟಿದರೆ ಟೊಳ್ಳು ಶಬ್ದ ಬರುವುದನ್ನೇ ಆರಿಸಿ. ಅದು ಇಡಿಯಾಗಿ ಬರುತ್ತದೆ. ಗಟ್ಟಿಯಾಗಿ ಕೂತದ್ದು ಒಡೆದೇ ಬರುವುದು.

ಆಮೇಲೆ ಅಂಗಡಿ. ಹೊಸ ಶೋರೂಮಿಗಿಂತ ಹಳೆ ಟೈಲ್ಸ್ ಅಂಗಡಿಯ ಗೋದಾಮು ಒಳ್ಳೆಯದು. "ಹಳೆ ಸ್ಟಾಕಿನ ಬಿಡಿ ಪೀಸು ಇದೆಯಾ" ಎಂದು ಕೇಳಿ. ಕಾರವಾರದವರಿಗೆ ಮಡಗಾಂವ್ ಹತ್ತಿರ, ಶಿರಸಿ, ಯಲ್ಲಾಪುರದವರಿಗೆ ಹುಬ್ಬಳ್ಳಿ. ಹಳೆ ಮನೆ ಕೆಡವಿದ ಸಾಮಾನು ಮಾರುವವರಲ್ಲೂ ವಿಚಾರಿಸಿ. ನಿಮ್ಮ ಮನೆ ಕಟ್ಟಿದ ಕಂತ್ರಾಟುದಾರರೇ ಅದೇ ಸಮಯಕ್ಕೆ ಪಕ್ಕದ ಮನೆಗಳನ್ನೂ ಕಟ್ಟಿದ್ದರೆ, ಆ ಮನೆಗಳ ಅಟ್ಟದಲ್ಲಿ ಅದೇ ಟೈಲ್ಸ್ ಇರುವ ಸಾಧ್ಯತೆ ಇದೆ. ಕೇಳಲು ಸಂಕೋಚ ಬೇಡ.

ಬಣ್ಣ ಹೊಂದಿಸುವುದು ಸೀರೆಗೆ ಬ್ಲೌಸ್ ಪೀಸ್ ಹೊಂದಿಸಿದಂತೆ, ಅಂಗಡಿಯ ಲೈಟಿನಲ್ಲಿ ಆಗುವ ಕೆಲಸ ಅಲ್ಲ. ತುಂಡನ್ನು ಮೊದಲು ಸೋಪಿನಲ್ಲಿ ಚೆನ್ನಾಗಿ ತೊಳೆದು ಒಯ್ಯಿರಿ. ಎರಡನ್ನೂ ಅಂಗಡಿಯ ಹೊರಗೆ ತಂದು ನೆರಳಿನ ಹಗಲುಬೆಳಕಿನಲ್ಲಿ ಅಕ್ಕಪಕ್ಕ ನಿಲ್ಲಿಸಿ. ಮಲಗಿಸಿ ನೋಡಬೇಡಿ, ಗೋಡೆಯಲ್ಲಿ ಅದು ನಿಂತಿರುತ್ತದೆ. ಬಿಳಿಯಲ್ಲೂ ನೀಲಿ ಛಾಯೆಯ ಬಿಳಿ, ಹಾಲುಬಿಳಿ, ಐವರಿ ಎಲ್ಲ ಬೇರೆ ಬೇರೆ. ಸಾಧ್ಯವಾದರೆ ಒಂದು ಟೈಲನ್ನು ಮನೆಗೆ ತಂದು, ಅದೇ ಗೋಡೆಗೆ ಒರಗಿಸಿ, ಬೆಳಿಗ್ಗೆ ಒಮ್ಮೆ, ರಾತ್ರಿ ಲೈಟ್ ಹಾಕಿ ಒಮ್ಮೆ ನೋಡಿ.

ಪೆಟ್ಟಿಗೆಯ ಮೇಲೆ ಶೇಡ್ ಮತ್ತು ಬ್ಯಾಚ್ ನಂಬರ್ ಇರುತ್ತದೆ. ಒಂದೇ ಹೆಸರಿನ ಟೈಲಾದರೂ ಬ್ಯಾಚ್ ಬದಲಾದರೆ ಬಣ್ಣ ಒಂದಿಷ್ಟು ಬದಲಾಗುತ್ತದೆ, ಅಳತೆಯೂ ಕೂದಲೆಳೆ ಬದಲಾಗಬಹುದು. ಎರಡು ಪೆಟ್ಟಿಗೆ ತೆಗೆದುಕೊಂಡರೆ ಎರಡರಲ್ಲೂ ನಂಬರ್ ಒಂದೇ ಇರಲಿ.

ಸಿಗದಿದ್ದರೆ

ಸಾದಾ ಬಣ್ಣದ್ದಾದರೆ ದೊಡ್ಡ ಟೈಲನ್ನು ಕತ್ತರಿಸಿ ಚಿಕ್ಕದು ಮಾಡಬಹುದು. 300 × 450ರ ಬಿಳಿ ಟೈಲಿನಿಂದ ಹಳೆಯ 152ರ ತುಂಡುಗಳನ್ನು ಬೇಕಾದ ಅಳತೆಗೆ ತೆಗೆಯಬಹುದು. ಕತ್ತರಿಸಿದ ಅಂಚನ್ನು ಸಾಣೆಕಲ್ಲಿನಲ್ಲಿ ನಯಮಾಡಬೇಕು, ಇಲ್ಲವಾದರೆ ಕೈ ಕೊಯ್ಯುತ್ತದೆ, ನೋಟಕ್ಕೂ ಒರಟು.

ಹೂವಿನ ಡಿಸೈನ್, ಅಮೃತಶಿಲೆಯ ನಕ್ಷೆ ಇರುವುದಕ್ಕೆ ಹತ್ತಿರದ್ದನ್ನು ಹುಡುಕಬೇಡಿ. ಸ್ವಲ್ಪ ಬೇರೆ ಇರುವ ಟೈಲ್ ತೇಪೆಯಂತೆ ಕಾಣುತ್ತದೆ. ಪೂರ್ತಿ ಬೇರೆ ಇದ್ದರೆ ಬೇಕೆಂದೇ ಹಾಕಿದ್ದು ಎಂದು ಕಾಣುತ್ತದೆ. ಸೊಂಟದ ಎತ್ತರದಲ್ಲಿ ಉದುರಿದ್ದರೆ ಆ ಒಂದು ಸಾಲನ್ನು ನಾಲ್ಕೂ ಗೋಡೆಗೆ ಸುತ್ತ ತೆಗೆದು ಗಾಢ ಬಣ್ಣದ ಪಟ್ಟಿ ಕೊಡಿ. ಹೀಗೆ ತೆಗೆಯುವಾಗ ಇಡಿಯಾಗಿ ಬಂದ ಹಳೆ ಟೈಲ್ಸನ್ನು ಉಳಿದ ಕಡೆಯ ಒಡಕುಗಳಿಗೆ ಬಳಸಿ. ಷವರ್ ಗೋಡೆಯಲ್ಲೇ ಬಹಳ ಹೋಗಿದ್ದರೆ ಆ ಗೋಡೆಗೆ ಮಾತ್ರ ಹೊಸ ಟೈಲ್ಸ್ ಹಾಕಿ, ಉಳಿದ ಮೂರು ಹಾಗೇ ಇರಲಿ. ನನ್ನ ಆಯ್ಕೆ ಯಾವಾಗಲೂ ಇದೇ. ನೀರು ಬೀಳುವ ಗೋಡೆ ಹೊಸದಾಗಿ ಭದ್ರವಾಗುತ್ತದೆ, ಕೈಗೆ ಒಂದಷ್ಟು ಹಳೆ ಟೈಲ್ಸೂ ಸಿಗುತ್ತವೆ.

ಹಳೆ ಟೈಲ್ಸ್ ಮೇಲೇ ಹೊಸದನ್ನು ಅಂಟಿಸುವ ವಿಶೇಷ ಅಂಟು ಬಂದಿದೆ. ಕೆಳಗಿನ ಟೈಲ್ಸ್ ಒಂದೂ ಬಿಡದಂತೆ ಗಟ್ಟಿ ಇದ್ದು, ಗೋಡೆ ಒಣಗಿದ್ದರೆ ಅದು ನಡೆಯುತ್ತದೆ. ಉದುರುತ್ತಿರುವ ಗೋಡೆಗೆ ಖಂಡಿತ ಬೇಡ. ಸಡಿಲ ಟೈಲಿಗೆ ಇನ್ನೊಂದರ ಭಾರ ಹೊರಿಸಿದಂತಾಗುತ್ತದೆ.

ಕೀಳುವುದು

ಮೊದಲು ನೀರಿನ ವಾಲ್ವ್ ಮುಚ್ಚಿ, ಗೀಸರಿನ ಎಂಸಿಬಿ ಸ್ವಿಚ್ ಇಳಿಸಿ. ಕನ್ನಡಕ, ಮಾಸ್ಕ್, ಗ್ಲೌಸ್ ಬೇಕೇ ಬೇಕು. ಹೊಳಪಿನ ಚೂರು ಗಾಜಿನಷ್ಟೇ ಹರಿತ, ಕಟಿಂಗ್ ಮಷಿನ್ನಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನೆಲಕ್ಕೆ ಗೋಣಿಚೀಲ ಹಾಸಿ, ಬಚ್ಚಲ ಕಿಂಡಿಯೊಳಗೆ ಬಟ್ಟೆ ತುರುಕಿ. ಗಾರೆ ಚೂರು ಅದರೊಳಗೆ ಹೋದರೆ ಇನ್ನೊಂದು ರಿಪೇರಿ ಶುರು.

ತೆಗೆಯಬೇಕಾದ ಟೈಲಿನ ನಾಲ್ಕೂ ಬದಿಯ ಸಂದನ್ನು ಪೂರ್ತಿ ಕೆರೆದು ತೆಗೆಯಿರಿ. ಸಂದು ಕೆರೆಯುವ ಬ್ಲೇಡ್ ಅಥವಾ ಮುರಿದ ಹ್ಯಾಕ್ಸಾ ಬ್ಲೇಡ್ ಸಾಕು. ಇಲ್ಲಿ ಅವಸರ ಮಾಡಿದರೆ ಪಕ್ಕದ ಟೈಲ್ ಚಕ್ಕೆ ಏಳುತ್ತದೆ. ಪಕ್ಕದವುಗಳ ಅಂಚಿಗೆ ಟೇಪ್ ಅಂಟಿಸಿ. ನಂತರ ಟೈಲಿನ ನಡುವೆ ಐದಾರು ತೂತು ಕೊರೆದು, ಅಲ್ಲಿಂದ ಚಿಕ್ಕ ಚಾಣದಲ್ಲಿ ಮಧ್ಯದಿಂದ ಅಂಚಿನ ಕಡೆಗೆ ಬಿಡಿಸುತ್ತಾ ಬನ್ನಿ. ಅಂಚಿನಿಂದ ಮೀಟಬಾರದು. ಡ್ರಿಲ್ಲಿನ ಹ್ಯಾಮರ್ ಮೋಡ್ ಬೇಡ. ಚಿರೆಕಲ್ಲಿನ ಗೋಡೆ ಅದುರಿದರೆ ಗಟ್ಟಿ ಇದ್ದ ಟೈಲ್ಸೂ ಬಿಡುತ್ತವೆ. ನಲ್ಲಿಯ ಸುತ್ತ ಕೈ ಚಾಣವೇ ಇರಲಿ, ಒಳಗೆ ಪೈಪಿದೆ.

ಇಡಿಯಾಗಿ ಬಂದ ಹಳೆ ಟೈಲ್ಸನ್ನು ಒಂದು ದಿನ ನೀರಲ್ಲಿ ನೆನೆಹಾಕಿ. ಮಡಚಿದ ಗೋಣಿಚೀಲದ ಮೇಲೆ ಮುಖ ಕೆಳಗೆ ಮಾಡಿ ಮಲಗಿಸಿ, ಬೆನ್ನಿನ ಗಾರೆಯನ್ನು ಸಣ್ಣ ಸಣ್ಣ ಪೆಟ್ಟಿನಲ್ಲಿ ಬಿಡಿಸಿ. ಮತ್ತೆ ಕೂರಿಸುವ ಮೊದಲು ಚೆನ್ನಾಗಿ ಒಣಗಿಸಿ.

ಗೋಡೆ ಸಿದ್ಧ ಮಾಡುವುದು

ಸಡಿಲ ಗಾರೆಯನ್ನೆಲ್ಲ ತೆಗೆದು ಬ್ರಷ್ ಹಾಕಿ. ಹೊಸ ಟೈಲ್ ದಪ್ಪ ಇದ್ದರೆ ಇಲ್ಲೇ ಲೆಕ್ಕ ಹಾಕಬೇಕು. ಹಳೆಯದು 6 ಮಿ.ಮೀ., ಹೊಸದು 8 ಆದರೆ, ಅಂಟಿನ 3 ಮಿ.ಮೀ. ಸೇರಿಸಿ 11 ಮಿ.ಮೀ. ಆಳ ಬೇಕು. ಅಷ್ಟು ಕೆತ್ತದಿದ್ದರೆ ಟೈಲ್ ಹೊರಗೆ ಉಬ್ಬಿ ನಿಲ್ಲುತ್ತದೆ.

ಈಗ ಒಣಗಿದೆಯಾ ಎಂದು ನೋಡಿ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಬದಿ ಟೇಪ್ ಹಾಕಿ 24 ಗಂಟೆ ಬಿಡಿ. ಒಳಬದಿಯಲ್ಲಿ ನೀರ ಹನಿ ಕಂಡರೆ ಗೋಡೆಯಲ್ಲಿ ಇನ್ನೂ ತೇವ ಇದೆ. ಫ್ಯಾನ್ ಇಟ್ಟು ಕಾಯಿರಿ. ದಿನಗಟ್ಟಲೆ ಕಾದರೂ ಒಣಗದಿದ್ದರೆ ಗೋಡೆಯ ಹೊರಮುಖ ನೋಡಿ. ಮಳೆನೀರು ಬಿರುಕಿನಿಂದ ಒಳಗೆ ಬರುತ್ತಿರಬಹುದು, ಇಲ್ಲವೇ ಹೊರಗೆ ಗೋಡೆಗೆ ತಾಗಿ ಮಣ್ಣು ಏರಿಸಿರಬಹುದು.

ಗುಳಿ ಬಿದ್ದಲ್ಲಿ 1:4 ಸಿಮೆಂಟ್ ಗಾರೆ (ಒಂದು ಪಾಲು ಸಿಮೆಂಟ್, ನಾಲ್ಕು ಪಾಲು ಮರಳು) ತುಂಬಿ. ಮರಳು ಸಿಹಿನೀರಿನದ್ದಾಗಿರಲಿ, ಇಲ್ಲವೇ ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು). ಏಳು ದಿನ ನೀರು ಹಾಕಿ, ಮತ್ತೆ ಒಣಗಲು ಬಿಡಿ. ಷವರ್ ಗೋಡೆ ಪೂರ್ತಿ ತೆರೆದಿದ್ದರೆ ಆಳೆತ್ತರಕ್ಕೂ ಮೇಲೆ ವಾಟರ್‌ಪ್ರೂಫ್ ಲೇಪ ಎರಡು ಕೋಟ್ ಕೊಡಿ. ಒಂದು ಅಡ್ಡ, ಒಂದು ಉದ್ದ. ಗೋಡೆ ನೆಲ ಕೂಡುವ ಮೂಲೆಯನ್ನು ಬಿಡಬಾರದು.

ಕೂರಿಸುವುದು

ರಿಪೇರಿಗೆ ಸಿಮೆಂಟಿಗಿಂತ ಟೈಲ್ ಅಡ್ಹೆಸಿವ್ ಎಂಬ ಅಂಟು ಒಳ್ಳೆಯದು, ತೆಳುವಾಗಿ ಕೂರುತ್ತದೆ. ಚೀಲದ ಮೇಲೆ ಐಎಸ್ 15477 ಎಂಬ ಭಾರತೀಯ ಮಾನಕದ ಗುರುತು ಮತ್ತು ಟೈಪ್ ನಂಬರ್ ಇರುತ್ತದೆ. ಸೆರಾಮಿಕ್ಕಿಗೆ ಸಾದಾ ದರ್ಜೆ ನಡೆಯುತ್ತದೆ, ವಿಟ್ರಿಫೈಡ್‌ಗೆ ಅದಕ್ಕಿಂತ ಮೇಲಿನದ್ದು ಬೇಕು. 20 ಕೆ.ಜಿ. ಚೀಲ 3 ಮಿ.ಮೀ. ದಪ್ಪಕ್ಕೆ ಸುಮಾರು 50 ಚದರ ಅಡಿಗೆ ಸಾಕು. ನಾಲ್ಕೈದು ಟೈಲಿಗೆ ಅಷ್ಟು ಬೇಡ, ಚಿಕ್ಕ ಪ್ಯಾಕ್ ಕೇಳಿ.

ಬಕೆಟ್ಟಿಗೆ ಮೊದಲು ನೀರು, ಆಮೇಲೆ ಪುಡಿ. ಗಂಟಿಲ್ಲದಂತೆ ಕಲೆಸಿ, ಐದು ನಿಮಿಷ ಬಿಟ್ಟು ಮತ್ತೊಮ್ಮೆ ಕಲೆಸಿ. ಗಟ್ಟಿಯಾಗತೊಡಗಿದರೆ ಮತ್ತೆ ನೀರು ಹಾಕಿ ಸಡಿಲ ಮಾಡಬೇಡಿ, ಬಿಸಾಡಿ. ಅಡ್ಹೆಸಿವ್ ಬಳಸುವಾಗ ಟೈಲನ್ನು ನೆನೆಸಬಾರದು. ಸಿಮೆಂಟಿನಲ್ಲೇ ಕೂರಿಸುವ ಮೇಸ್ತ್ರಿಯಾದರೆ ಸೆರಾಮಿಕ್ ಟೈಲನ್ನು ಗುಳ್ಳೆ ಬರುವುದು ನಿಲ್ಲುವವರೆಗೆ ನೆನೆಸಲೇಬೇಕು.

ಗೋಡೆಗೆ ಹಲ್ಲಿನ ಕರಣೆಯಲ್ಲಿ ಗೆರೆ ಎಳೆದು ಹಚ್ಚಿ, ಟೈಲಿನ ಬೆನ್ನಿಗೂ ತೆಳ್ಳಗೆ ಬಳಿಯಿರಿ. ಮೇಸ್ತ್ರಿ ನಾಲ್ಕು ಮೂಲೆಗೆ ಒಂದೊಂದು ಉಂಡೆ ಇಟ್ಟು ಒತ್ತುತ್ತಿದ್ದರೆ ಅಲ್ಲೇ ನಿಲ್ಲಿಸಿ. ಉಂಡೆಗಳ ನಡುವೆ ಖಾಲಿ ಜಾಗ ಉಳಿದು ಅಲ್ಲಿ ನೀರು ಸೇರುತ್ತದೆ. ಒತ್ತಿ, ಸ್ವಲ್ಪ ಆಚೀಚೆ ಜರುಗಿಸಿ ಕೂರಿಸಿ. ಉದ್ದನೆಯ ನೇರ ಪಟ್ಟಿಯನ್ನು ಹಳೆ ಟೈಲ್ಸ್ ಮೇಲಿಂದ ಅಡ್ಡ ಇಟ್ಟು ಮಟ್ಟ ನೋಡಿ. ಸುತ್ತಲಿನ ಸಂದು ಒಂದೇ ಅಗಲ ಇರಲಿ, ಹಳೆ ಗೋಡೆಯಲ್ಲಿ ಸ್ಪೇಸರ್ (ಸಂದಿನ ಅಗಲ ಕಾಯುವ ಪ್ಲಾಸ್ಟಿಕ್ ತುಂಡು) ಹಿಡಿಯದಿದ್ದರೆ ರಟ್ಟಿನ ಚೂರು ಸಾಕು. ಸಂದಿನಿಂದ ಉಕ್ಕಿದ ಅಂಟನ್ನು ಆಗಲೇ ಕೆರೆದುಬಿಡಿ. ಟೇಪಿನಿಂದ ಪಕ್ಕದ ಟೈಲಿಗೆ ಬಿಗಿದು 24 ಗಂಟೆ ಮುಟ್ಟಬೇಡಿ.

ಇಡೀ ಗೋಡೆ ಹಾಕುವುದಾದರೆ ನೆಲದಿಂದ ಶುರು ಮಾಡಬಾರದು, ನೆಲ ಇಳಿಜಾರಾಗಿರುತ್ತದೆ. ರಸಮಟ್ಟ ಹಿಡಿದು ಎರಡನೇ ಸಾಲಿಗೆ ಪಟ್ಟಿ ಹೊಡೆದು ಅಲ್ಲಿಂದ ಮೇಲೆ ಹೋಗಿ, ಕೆಳಗಿನ ಸಾಲನ್ನು ಕೊನೆಗೆ ಕತ್ತರಿಸಿ ಕೂರಿಸಿ. ಕತ್ತರಿಸಿದ ತುಂಡುಗಳು ಬಾಗಿಲ ಹಿಂದಿನ ಮೂಲೆಗೆ ಬರಲಿ.

ಸಂದು

ಜೋಡಿ ಹೊಂದಿತೋ ಇಲ್ಲವೋ ಎಂದು ಗೊತ್ತಾಗುವುದು ಇಲ್ಲಿ. ಹಳೆ ಗೋಡೆಯ ಬಿಳಿ ಸಿಮೆಂಟ್ ಹಳದಿಯಾಗಿರುತ್ತದೆ. ಕೆಂಪುಮಣ್ಣಿನ ಬಾವಿಗಳ ನೀರಲ್ಲಿ ಕಬ್ಬಿಣದ ಅಂಶ ಇದ್ದರೆ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ. ಹೊಸ ಟೈಲಿನ ಸುತ್ತ ಮಾತ್ರ ಬೆಳ್ಳಗಿನ ಗೆರೆ ಎಳೆದರೆ ಟೈಲ್ ಎಷ್ಟೇ ಹೊಂದಿದ್ದರೂ ಕಣ್ಣು ಅಲ್ಲಿಗೇ ಹೋಗುತ್ತದೆ. ಅದಕ್ಕೇ ಇಡೀ ಗೋಡೆಯ ಸಂದನ್ನು ಎರಡು ಮೂರು ಮಿಲಿಮೀಟರ್ ಆಳ ಕೆರೆದು ಒಟ್ಟಿಗೆ ಹೊಸ ಗ್ರೌಟ್ (ಸಂದು ತುಂಬುವ ಗಾರೆ) ತುಂಬಿ. ಒಂದು ದಿನದ ಕೆಲಸ ಜಾಸ್ತಿ, ಆದರೆ ಹಳೆಯದೂ ಹೊಸದೂ ಒಂದೇ ಗೋಡೆಯಾಗುತ್ತವೆ. ಬಣ್ಣದಲ್ಲಿ ಕೊಂಚ ವ್ಯತ್ಯಾಸ ಇದ್ದ ಟೈಲ್ ಕೂಡ ಅಡಗಿಹೋಗುತ್ತದೆ.

ಗ್ರೌಟಿನ ಬಣ್ಣ ಅಚ್ಚ ಬಿಳಿ ಬೇಡ. ತಿಳಿ ಬೂದು ಅಥವಾ ಐವರಿ ನಮ್ಮ ನೀರಿಗೆ ಚೆನ್ನ. ಟೈಲಿನ ಬೆನ್ನಿಗೆ ಸ್ವಲ್ಪ ಹಚ್ಚಿ, ಪೂರ್ತಿ ಒಣಗಿದ ಮೇಲೆ ನೋಡಿ. ಸಿಮೆಂಟ್ ಗ್ರೌಟ್ ಒಣಗಿದಾಗ ತಿಳಿಯಾಗುತ್ತದೆ.

ಎಪಾಕ್ಸಿ ಗ್ರೌಟ್, ಅಂದರೆ ಸಿಮೆಂಟಿನ ಬದಲು ರಾಳದಿಂದ ಮಾಡಿದ್ದು, ನೀರು ಹೀರುವುದಿಲ್ಲ, ಕಲೆಯೂ ಹಿಡಿಯುವುದಿಲ್ಲ. ಷವರ್ ಗೋಡೆಗೆ ದುಡ್ಡು ಹೋದರೂ ಅದನ್ನೇ ಹಾಕಿಸಿ. ಆದರೆ ಸಂದು ಕೂದಲೆಳೆಯಷ್ಟೇ ಇರುವ ಹಳೆ ಗೋಡೆಯಲ್ಲಿ ಅದು ಒಳಗೆ ಇಳಿಯುವುದಿಲ್ಲ, ಅಲ್ಲಿ ಸಿಮೆಂಟ್ ಗ್ರೌಟೇ ಗತಿ. ಹಂಡೆ ಒಲೆಯ ಬಿಸಿ ತಾಗುವಲ್ಲೂ ಎಪಾಕ್ಸಿ ಬೇಡ. ಎಪಾಕ್ಸಿಯನ್ನು ಸ್ವಲ್ಪ ಸ್ವಲ್ಪವೇ ಕಲೆಸಿ, ತುಂಬಿದ ಜಾಗವನ್ನು ಆಗಿಂದಾಗ ಒರೆಸುತ್ತಾ ಹೋಗಬೇಕು. ಒಣಗಿ ಕೂತರೆ ಟೈಲಿನ ಮೇಲಿನ ಮಂಜಿನಂಥ ಪದರ ಬಿಡಿಸುವುದು ಬಹಳ ಕಷ್ಟ.

ಗೋಡೆ ನೆಲ ಕೂಡುವ ಮೂಲೆ, ಗೋಡೆ ಗೋಡೆ ಕೂಡುವ ಮೂಲೆ, ನಲ್ಲಿಯ ಸುತ್ತ – ಇಲ್ಲೆಲ್ಲ ಗ್ರೌಟ್ ಬಿರುಕು ಬಿಡುತ್ತದೆ. ಬೂಷ್ಟು ತಡೆಯುವ ಸಿಲಿಕೋನ್ ಸೀಲಂಟ್ ಹಾಕಿ. ಅದು ಬಾಗುತ್ತದೆ, ಒಡೆಯುವುದಿಲ್ಲ. ಬಚ್ಚಲು ಬಳಸುವ ಮೊದಲು ಕನಿಷ್ಠ ಒಂದು ದಿನ ಹಾಗೇ ಬಿಡಿ, ಎಪಾಕ್ಸಿಗೆ ಪೂರ್ತಿ ಗಟ್ಟಿಯಾಗಲು ಏಳು ದಿನ ಬೇಕು.

ಇನ್ನು ಮೇಲೆ ಆಸಿಡ್ ಹಾಕಿ ತೊಳೆಯುವುದನ್ನು ನಿಲ್ಲಿಸಿ. ಅದು ಸಿಮೆಂಟ್ ಸಂದನ್ನು ತಿನ್ನುತ್ತದೆ, ಅಲ್ಲಿಂದ ನೀರು ಒಳಗಿಳಿಯುತ್ತದೆ. ಸೋಪು ನೀರು, ನೈಲಾನ್ ಬ್ರಷ್ ಸಾಕು. ಉಳಿದ ಐದಾರು ಟೈಲ್ಸನ್ನು ಪೇಪರ್ ಸುತ್ತಿ ಅಟ್ಟದ ಮೇಲಿಡಿ. ಪೆಟ್ಟಿಗೆಯ ಮೇಲಿನ ಹೆಸರು, ಶೇಡ್, ಬ್ಯಾಚ್ ನಂಬರ್, ಗ್ರೌಟಿನ ಬಣ್ಣದ ಕೋಡ್ ಎಲ್ಲವನ್ನೂ ಒಂದು ಟೈಲಿನ ಬೆನ್ನ ಮೇಲೆ ಮಾರ್ಕರ್‌ನಲ್ಲಿ ಬರೆದಿಡಿ, ಕಾಗದವಾದರೆ ಗೆದ್ದಲು ತಿನ್ನುತ್ತದೆ.